ಹಾವು ಸಾಕುವವರ ಸುಖ

(ಬಾನುಲಿ ಭಾಷಣ)

ಹಾವನ್ನು ಕಂಡರೆ ನನಗೆ ಭಯ. ಈ ಮಾತನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಇಂದು ನಾನು ಹೇಳಹೊರಟಿರುವುದು ಹಾವುಗಳನ್ನು ಮನೆಯೊಳಗೆ ಸಾಕಿಕೊಂಡು, ಮೂವತ್ತು ನಲವತ್ತು ವರ್ಷ ಅವುಗಳೊಡನೆ ಬಾಳಿ, ಅದರಲ್ಲಿ ಸುಖ ಕಾಣುವ ಜನರ ವಿಷಯ. ಅವರ ಪೈಕಿ ನಾನೂ ಒಬ್ಬನೆಂದು ಕೇಳುಗರು ತಿಳಿಯಬಾರದು.

ನಾಯಿ ಸಾಕುವವರ ಸುಖ ನಮಗೆ ಸುಲಭವಾಗಿ ಅರ್ಥವಾಗುತ್ತದೆ. ನಾಯಿ ಬಾಗಿಲಲ್ಲಿ ಕಾಯುತ್ತದೆ, ಬಾಲವಾಡಿಸುತ್ತದೆ, ಒಡೆಯ ಊರಿಗೆ ಹೋದರೆ ಊಟ ಬಿಡುತ್ತದೆ. ಬೆಕ್ಕಿಗೆ ಅಷ್ಟು ನಿಷ್ಠೆಯಿಲ್ಲದಿದ್ದರೂ ತೊಡೆಯೇರಿ ಮಲಗುವ ಸಲಿಗೆಯಾದರೂ ಉಂಟು. ಗಿಳಿ ಹೆಸರು ಹಿಡಿದು ಕರೆಯುತ್ತದೆ. ಹಾವು? ಅದು ಕರೆದರೆ ಬಾರದು. ಅದರ ಮುಖದಲ್ಲಿ ಮುನಿಸಿಲ್ಲ, ನಗೆಯಿಲ್ಲ. ಅದಕ್ಕೆ ರೆಪ್ಪೆಯೇ ಇಲ್ಲವಾದ್ದರಿಂದ ಕಣ್ಣು ಮಿಟುಕಿಸುವಷ್ಟು ಉಪಚಾರವನ್ನೂ ಅದು ನಮಗೆ ತೋರಿಸಲಾರದು. ಕೃತಘ್ನನಿಗೆ ಉಪಕಾರ ಮಾಡುವುದನ್ನು ನಮ್ಮ ಹಿರಿಯರು ಹಾವಿಗೆ ಹಾಲೆರೆದಂತೆ ಎಂದರು. ಹಾಗಿದ್ದೂ ಕೆಲವರು ಏಕೆ ಜೀವಮಾನವಿಡೀ ಈ ಹಾಲೆರೆಯುವ ಕೆಲಸ ಮಾಡುತ್ತಾರೆ?

ನನ್ನ ಭಯಕ್ಕೆ ಒಂದು ಹಿನ್ನೆಲೆಯುಂಟು. ನಾನು ಒಂಬತ್ತು ವರ್ಷದ ಹುಡುಗನಾಗಿದ್ದಾಗ, ಮಲೆನಾಡಿನ ನಮ್ಮ ಮನೆಯಲ್ಲಿ, ಕಣಜದ ಮೂಲೆಯಿಂದ ಉದ್ದನೆಯ ಹಾವೊಂದು ಹೊರಟಿತು. ನಾನು ಕಿರುಚಿಕೊಂಡೆ. ಆಳುಗಳು ದೊಣ್ಣೆ ತಂದರು. ಅದು ಕೇರೆ ಹಾವೆಂದು ಅವರಿಗೆ ಗೊತ್ತಿತ್ತು, ಅದರಲ್ಲಿ ವಿಷವಿಲ್ಲವೆಂದೂ ಗೊತ್ತಿತ್ತು. ಒಬ್ಬನಂತೂ ಬಿಟ್ಟುಬಿಡೋಣವೆಂದು ಹೇಳಿದ. ಆದರೆ ಯಜಮಾನರ ಮಗ ಅಳುತ್ತಿದ್ದ. ಹಾವು ಸತ್ತಿತು. ಆ ಮಳೆಗಾಲ ಇಲಿಗಳು ಕಣಜವನ್ನು ಕೊರೆದು ಹಾಕಿದಾಗ ನಮ್ಮಜ್ಜಿ ನನ್ನನ್ನು ನೋಡಿ, “ಕಣಜ ಕಾಯೋದನ್ನ ಹೊಡೆಸಿಬಿಟ್ಯಲ್ಲೋ ಮಗ,” ಎಂದರು. ಅವರು ಸಿಟ್ಟಿನಿಂದ ಹೇಳಲಿಲ್ಲ. ಆದ್ದರಿಂದಲೇ ಆ ಮಾತು ನನ್ನಲ್ಲಿ ಉಳಿಯಿತು.

ಅದಾಗಿ ಅರವತ್ತು ವರ್ಷಗಳ ಮೇಲೆ, ಮಗನ ಮನೆಯಲ್ಲಿ ಚಳಿಗಾಲ ಕಳೆಯಲೆಂದು ನಾನೂ ನಮ್ಮ ಮನೆಯವರೂ ಇಂಗ್ಲೆಂಡಿಗೆ ಹೋದೆವು. ಪಕ್ಕದ ಮನೆಯಲ್ಲಿ ಎಪ್ಪತ್ತನಾಲ್ಕು ವರ್ಷದ ವೃದ್ಧರೊಬ್ಬರು ಒಂಟಿಯಾಗಿದ್ದರು. ರೈಲ್ವೆಯಲ್ಲಿ ಸಿಗ್ನಲ್ ಕೆಲಸದಲ್ಲಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡು ಐದಾರು ವರ್ಷವಾಗಿತ್ತು. ಬೇಲಿಯ ಆಚೆಯಿಂದ ದಿನವೂ ನಮಸ್ಕಾರ ಹೇಳುತ್ತಿದ್ದರು. ಒಂದು ಸಂಜೆ ಚಹಕ್ಕೆ ಕರೆದರು. ಹೊರಡುವಾಗ ಮಗ ನಗುತ್ತ, “ಅಪ್ಪ, ಮಹಡಿಗೆ ಮಾತ್ರ ಹೋಗಬೇಡಿ, ಅಲ್ಲಿ ಅವರ ಸಂಸಾರ ಇದೆ,” ಎಂದ. ಹೋಗಬೇಡವೆಂದ ಮೇಲೆ ಹೋಗದಿರುವುದುಂಟೆ?

ಮಹಡಿಯ ಚಿಕ್ಕ ಕೋಣೆಯಲ್ಲಿ, ಗಾಜಿನ ಮುಂಬಾಗಿಲಿದ್ದ ಮರದ ಪೆಟ್ಟಿಗೆಗಳು ಮೂರು. ಎರಡರಲ್ಲಿ ಅಮೆರಿಕದ ಆಗ್ನೇಯ ಭಾಗದ ಕಾರ್ನ್ ಸ್ನೇಕ್, ಅಂದರೆ ಜೋಳದ ಹಾವು. ಕಿತ್ತಳೆ ಬಣ್ಣದ ಮೈಮೇಲೆ ಇಟ್ಟಿಗೆಗೆಂಪಿನ ಮಚ್ಚೆಗಳು, ಹೊಟ್ಟೆಯ ಕೆಳಗೆ ಚದುರಂಗದ ಮಣೆಯಂತೆ ಕಪ್ಪು ಬಿಳುಪಿನ ಚೌಕಗಳು. ಮೂರನೆಯದರಲ್ಲಿ ಪಶ್ಚಿಮ ಆಫ್ರಿಕದ ಪುಟ್ಟ ಹೆಬ್ಬಾವು. ಇದನ್ನು ಇಂಗ್ಲೆಂಡಿನಲ್ಲಿ ರಾಯಲ್ ಪೈಥಾನ್ ಎಂದೂ, ಹೆದರಿದಾಗ ತಲೆಯನ್ನು ಒಳಗಿಟ್ಟುಕೊಂಡು ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಅಮೆರಿಕದಲ್ಲಿ ಬಾಲ್ ಪೈಥಾನ್ ಎಂದೂ ಕರೆಯುತ್ತಾರೆ. ನಾಲ್ಕಡಿ ಉದ್ದದ, ಮೋಟು ಮೈಯ ಪ್ರಾಣಿ. “ಇದು ನನ್ನ ಬಳಿಗೆ ಬಂದು ಮೂವತ್ತೊಂದು ವರ್ಷವಾಯಿತು,” ಎಂದರು ಆ ವೃದ್ಧರು. ನನ್ನ ಮಗನಿಗೆ ಆಗ ಮೂವತ್ತೆಂಟು ವರ್ಷ.

ಹಾವು ಇಷ್ಟು ಕಾಲ ಬದುಕುತ್ತದೆಂದು ನನಗೆ ತಿಳಿದಿರಲಿಲ್ಲ. ಜೋಳದ ಹಾವು ಸಾಕಣೆಯಲ್ಲಿ ಹದಿನೈದು ಇಪ್ಪತ್ತು ವರ್ಷ ಬಾಳುವುದುಂಟು. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯಕ್ಕೆ ೧೯೬೧ರಲ್ಲಿ ಖಾಸಗಿ ಒಡೆಯರೊಬ್ಬರಿಂದ ಬಂದ ಬಾಲ್ ಪೈಥಾನ್ ಒಂದು, ಹದಿನೈದು ವರ್ಷಕ್ಕೂ ಹೆಚ್ಚು ಕಾಲದಿಂದ ಗಂಡಿನ ಸಂಗವೇ ಇಲ್ಲದೆ, ೨೦೨೦ರಲ್ಲಿ ಏಳು ಮೊಟ್ಟೆಗಳನ್ನಿಟ್ಟು ಲೋಕವನ್ನು ಬೆರಗುಗೊಳಿಸಿತು. ಆಗ ಅದರ ವಯಸ್ಸು ಅರವತ್ತು ದಾಟಿತ್ತೆಂದು ಅಲ್ಲಿಯವರ ಅಂದಾಜು. ಹೀಗಾಗಿ ಹಾವು ಸಾಕುವವನು ಒಂದೆರಡು ವರ್ಷದ ಆಟಿಕೆಯನ್ನು ಕೊಳ್ಳುತ್ತಿಲ್ಲ. ತನ್ನ ಆಯುಸ್ಸಿನ ದೊಡ್ಡ ಪಾಲನ್ನು ಒಂದು ಮೂಕ ಜೀವದೊಡನೆ ಹಂಚಿಕೊಳ್ಳಲು ಒಪ್ಪುತ್ತಿದ್ದಾನೆ.

ಆ ಚಳಿಗಾಲದಲ್ಲಿ ನಾನು ಆ ಕೋಣೆಗೆ ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ಮೊದಮೊದಲು ಬಾಗಿಲ ಬಳಿ ನಿಲ್ಲುತ್ತಿದ್ದೆ, ಆಮೇಲೆ ಕುರ್ಚಿಯಲ್ಲಿ ಕುಳಿತೆ. ಹಾವು ಸಾಕುವವರ ಸುಖವೇನೆಂಬುದು ಒಂದೇ ದಿನದಲ್ಲಿ ತಿಳಿಯುವಂಥದಲ್ಲ.

ಹೊಸಬರನ್ನು ಈ ಹವ್ಯಾಸಕ್ಕೆ ಎಳೆಯುವುದು ಬಹುಮಟ್ಟಿಗೆ ಧೈರ್ಯದ ಪ್ರದರ್ಶನ. ಕೊರಳಿಗೆ ಹಾವು ಸುತ್ತಿಕೊಂಡು ಗೆಳೆಯರನ್ನು ಬೆಚ್ಚಿಬೀಳಿಸುವ ಆಸೆ. ಆ ಹುಮ್ಮಸ್ಸು ಒಂದೆರಡು ವರ್ಷದಲ್ಲಿ ಇಳಿಯುತ್ತದೆ, ಅಂಥವರ ಹಾವುಗಳು ಬೇರೆಯವರ ಕೈಸೇರುತ್ತವೆ. ಉಳಿದುಕೊಳ್ಳುವವರು ಬೇರೆ ಬಗೆಯ ಜನ. ಅವರನ್ನು ಉಳಿಸಿಕೊಳ್ಳುವುದು ನೋಡುವ ಸುಖ.

ನೋಡಲು ಏನಿದೆ ಎಂದರೆ, ಮೊದಲನೆಯದಾಗಿ ಶಾಖದ ಆಟವಿದೆ. ಹಾವಿನ ಮೈಯೊಳಗೆ ನಮ್ಮಂತೆ ಬೆಂಕಿಯಿಲ್ಲ, ಹೊರಗಿನ ಬಿಸಿಯೇ ಅದರ ಬಿಸಿ. ಆದ್ದರಿಂದ ಪೆಟ್ಟಿಗೆಯ ಒಂದು ತುದಿಯನ್ನು ಮೂವತ್ತು ಡಿಗ್ರಿಯ ಸುಮಾರಿಗೆ ಬೆಚ್ಚಗಿಟ್ಟು, ಇನ್ನೊಂದು ತುದಿಯನ್ನು ಐದಾರು ಡಿಗ್ರಿ ತಂಪಾಗಿಡುತ್ತಾರೆ. ಎರಡು ಕಡೆಯೂ ಅಡಗಿಕೊಳ್ಳಲು ಒಂದೊಂದು ಗೂಡು, ನಡುವೆ ನೀರಿನ ಬಟ್ಟಲು. ಉಂಡ ಹಾವು ಬೆಚ್ಚನೆಯ ಕಡೆಗೆ ಹೋಗಿ ಜೀರ್ಣಿಸಿಕೊಳ್ಳುತ್ತದೆ, ಸಾಕೆನಿಸಿದಾಗ ತಂಪಿಗೆ ಸರಿಯುತ್ತದೆ. ನಿಶ್ಚಲವೆಂದು ನಾವು ಭಾವಿಸುವ ಈ ಪ್ರಾಣಿ ಇಡೀ ದಿನ ತನ್ನ ಮೈಯ ತಕ್ಕಡಿಯನ್ನು ತೂಗುತ್ತಿರುತ್ತದೆ.

ಎರಡನೆಯದು ನಾಲಿಗೆ. ಸೀಳು ನಾಲಿಗೆಯನ್ನು ನಾವು ಸುಳ್ಳಿಗೆ ಸಂಕೇತ ಮಾಡಿದ್ದೇವೆ. ಪಾಪ, ಅದು ಹಾವಿನ ಮೂಗಿಗೆ ನೆರವಾಗುವ ಅಂಗ. ಗಾಳಿಯಲ್ಲಿನ ವಾಸನೆಯ ಕಣಗಳನ್ನು ಅದು ಬಾಯೊಳಕ್ಕೆ ಒಯ್ಯುತ್ತದೆ. ಅಲ್ಲಿ, ಅಂಗುಳದಲ್ಲಿರುವ ಜೇಕಬ್‌ಸನ್ ಅಂಗವೆಂಬ ಇಂದ್ರಿಯ ಅದನ್ನು ಓದುತ್ತದೆ. ಎರಡು ಕವಲಿರುವುದರಿಂದ ವಾಸನೆ ಎಡಕ್ಕೆ ಹೆಚ್ಚೋ ಬಲಕ್ಕೆ ಹೆಚ್ಚೋ ಎಂಬುದೂ ತಿಳಿಯುತ್ತದೆ. ಹೊಸಬರು ಕೋಣೆಗೆ ಬಂದಾಗ ನಾಲಿಗೆ ಬೇಗ ಬೇಗ ಆಡುತ್ತದೆ. ನಾನು ಹೋದಾಗಲೂ ಆಡುತ್ತಿತ್ತು. ಎರಡು ತಿಂಗಳ ಮೇಲೆ ಅಷ್ಟಾಗಿ ಆಡುತ್ತಿರಲಿಲ್ಲ. ಇದಕ್ಕೆ ಪ್ರೀತಿಯೆಂದು ಹೆಸರಿಡಲು ಆ ವೃದ್ಧರು ಒಪ್ಪಲಿಲ್ಲ. “ನೀವು ಅಪಾಯವಲ್ಲವೆಂದು ಅದಕ್ಕೆ ಗೊತ್ತಾಗಿದೆ, ಅಷ್ಟೇ. ಆದರೆ ಯೋಚಿಸಿ ನೋಡಿ, ಅದೂ ಸಣ್ಣ ಮಾತಲ್ಲ,” ಎಂದರು.

ಮೂರನೆಯದು ಪೊರೆ ಬಿಡುವುದು. ಹಾವಿನ ಪೊರೆಯನ್ನು ಸೌದೆಯ ರಾಶಿಯಲ್ಲಿ, ಬೇಲಿಯ ಸಂದಿಯಲ್ಲಿ ನೋಡದ ಹಳ್ಳಿಗರಿಲ್ಲ. ಆದರೆ ಹಾವು ಅದನ್ನು ಬಿಡುವುದನ್ನು ಕಂಡವರು ಎಷ್ಟು ಮಂದಿ? ನಾನು ಕಂಡದ್ದು ಆ ಕೋಣೆಯಲ್ಲಿ. ಒಂದು ವಾರ ಮುಂಚಿನಿಂದ ಮೈಬಣ್ಣ ಮಂಕಾಗುತ್ತದೆ. ಕಣ್ಣಿಗೆ ಹಾಲು ಬೆರಸಿದ ನೀಲಿ ಬರುತ್ತದೆ. ಹಳೆಯ ಚರ್ಮಕ್ಕೂ ಹೊಸ ಚರ್ಮಕ್ಕೂ ನಡುವೆ ದ್ರವ ತುಂಬಿಕೊಳ್ಳುವುದೇ ಇದಕ್ಕೆ ಕಾರಣ. ಆಗ ಹಾವಿಗೆ ಕಣ್ಣು ಕಾಣುವುದು ಕಡಿಮೆ. ತಿಳಿದವರು ಅದನ್ನು ಆ ದಿನಗಳಲ್ಲಿ ಮುಟ್ಟುವುದಿಲ್ಲ. ಮತ್ತೆ ಕಣ್ಣು ತಿಳಿಯಾಗುತ್ತದೆ. ಕೆಲವು ದಿನ ಕಳೆದು, ಅದು ಒರಟು ಮರಕ್ಕೆ ಮೂತಿಯನ್ನು ಉಜ್ಜಿ, ತುಟಿಯ ಅಂಚಿನಲ್ಲಿ ಚರ್ಮವನ್ನು ಬಿಡಿಸಿಕೊಂಡು, ನಾವು ಕಾಲುಚೀಲವನ್ನು ಒಳಮೈ ಹೊರಮಾಡಿ ಕಳಚುವಂತೆ, ಮೆಲ್ಲಮೆಲ್ಲನೆ ಅದರೊಳಗಿಂದ ನಡೆದು ಹೊರಬರುತ್ತದೆ. ಉಳಿದ ಪೊರೆಯಲ್ಲಿ ಕಣ್ಣಿನ ಗಾಜೂ ಸೇರಿ ಒಂದೊಂದು ಹುರುಪೆಯ ಅಚ್ಚೂ ಇರುತ್ತದೆ. ಗಾಳಿಯಲ್ಲಿ ತೇವ ಸಾಲದಿದ್ದರೆ ಪೊರೆ ಚೂರುಚೂರಾಗಿ ಹರಿಯುತ್ತದೆ. ಇಡಿಯಾಗಿ ಬಂದರೆ ಸಾಕಿದವನಿಗೆ ಪರೀಕ್ಷೆಯಲ್ಲಿ ತೇರ್ಗಡೆಯಾದಂತೆ. ಆ ದಿನ ಅವರು ಆ ಪೊರೆಯನ್ನು ಬೆಳಕಿಗೆ ಹಿಡಿದು ನೋಡಿದರು. ನಲವತ್ತು ವರ್ಷ ನೋಡಿದ್ದನ್ನೇ ಮತ್ತೆ ನೋಡುತ್ತಿದ್ದರೂ ಅವರ ಮುಖದಲ್ಲಿ ಬೇಸರವಿರಲಿಲ್ಲ.

ಇವೆಲ್ಲವನ್ನೂ ಅವರು ಬರೆದಿಡುತ್ತಿದ್ದರು. ಒಂದೊಂದು ಹಾವಿಗೆ ಒಂದೊಂದು ನೋಟುಪುಸ್ತಕ. ತಾರೀಖು, ತೂಕ, ಉಂಡದ್ದು, ಉಣ್ಣದೆ ಬಿಟ್ಟದ್ದು, ಪೊರೆ ಬಿಟ್ಟದ್ದು. ರೈಲುಗಳು ಹೋದ ಬಂದ ವೇಳೆಯನ್ನು ಬರೆದ ಕೈಗೆ ಅದು ಸಹಜವಾಗಿದ್ದಿರಬೇಕು. ಬಾಲ್ ಪೈಥಾನ್ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಉಪವಾಸ ಮಾಡುವುದುಂಟು. ಮೊದಲ ವರ್ಷ ಅವರು ಗಾಬರಿಯಾಗಿ ಪಶುವೈದ್ಯರ ಬಳಿಗೆ ಓಡಿದರಂತೆ. ಮೂರನೆಯ ವರ್ಷ ಹಿಂದಿನ ಪುಟ ತಿರುವಿ, ನವೆಂಬರಿನಲ್ಲಿ ಬಿಟ್ಟ ಊಟವನ್ನು ಮಾರ್ಚಿಯಲ್ಲಿ ಹಿಡಿಯುತ್ತದೆ, ತೂಕ ಹೆಚ್ಚು ಇಳಿಯುವುದಿಲ್ಲ ಎಂದು ಕಂಡುಕೊಂಡರು. ತನ್ನ ಗಾಬರಿಯನ್ನು ತಾನೇ ಬರೆದ ಅಕ್ಷರಗಳಿಂದ ಗೆಲ್ಲುವುದು ವಿದ್ಯೆಯ ಸುಖವಲ್ಲದೆ ಮತ್ತೇನು?

ಆಹಾರದ ವಿಷಯವನ್ನು ಬೇಗ ಮುಗಿಸುತ್ತೇನೆ. ಹಾವು ಹಾಲು ಕುಡಿದು ಬದುಕುವ ಪ್ರಾಣಿಯಲ್ಲ, ಅದಕ್ಕೆ ಬೇಕಾದದ್ದು ಇಲಿ. ಕೊಂದು ಶೀತಲೀಕರಿಸಿದ ಇಲಿಗಳನ್ನು ಅಂಗಡಿಯಲ್ಲಿ ಮಾರುತ್ತಾರೆ. ಅದನ್ನು ಕರಗಿಸಿ ಬೆಚ್ಚಗೆ ಮಾಡಿ ಇಕ್ಕಳದಿಂದ ಕೊಡುವುದು ರೂಢಿ. ಜೀವಂತ ಇಲಿಯನ್ನು ಬಿಟ್ಟರೆ ಇಲಿಗೂ ಸಂಕಟ, ಅದು ಕಚ್ಚಿದರೆ ಹಾವಿಗೂ ಗಾಯ. ಬೆಳೆದ ಜೋಳದ ಹಾವಿಗೆ ವಾರಕ್ಕೋ ಎರಡು ವಾರಕ್ಕೋ ಒಂದು ಇಲಿ ಸಾಕು. ಉಂಡ ಮೇಲೆ ಎರಡು ದಿನ ಮುಟ್ಟಬಾರದು. ದಿನವೂ ತಿರುಗಾಡಿಸಬೇಕಾಗಿಲ್ಲ, ಬೊಗಳಿ ನೆರೆಯವರ ನಿದ್ದೆ ಕೆಡಿಸುವುದಿಲ್ಲ. ಚಿಕ್ಕ ಮನೆಯ, ದುಡಿಯುವ ಜನರಿಗೆ ಇದು ಹೊಂದುವುದಕ್ಕೆ ಇದೂ ಒಂದು ಕಾರಣ.

ಈ ಹವ್ಯಾಸದಿಂದ ವಿದ್ಯೆಗೆ ಆದ ಲಾಭವೂ ಕಡಿಮೆಯದಲ್ಲ. ಹೆಬ್ಬಾವು ಮೊಟ್ಟೆಯ ಸುತ್ತ ಸುರುಳಿಯಾಗಿ ಮಲಗಿ, ಮೈ ನಡುಗಿಸಿ, ಶೀತರಕ್ತದ ಪ್ರಾಣಿಯೂ ಶಾಖ ಹುಟ್ಟಿಸಬಲ್ಲುದೆಂಬುದನ್ನು ಪ್ಯಾರಿಸ್ಸಿನಲ್ಲಿ ವ್ಯಾಲೆನ್ಸಿಯೆನ್ ಎಂಬ ಪ್ರಾಣಿಶಾಸ್ತ್ರಜ್ಞ ೧೮೪೧ರಲ್ಲಿ ಅಳೆದು ತೋರಿಸಿದ್ದು ಪಂಜರದ ಹೆಬ್ಬಾವಿನಿಂದ. ಲಂಡನ್ನಿನ ಜೋನ್ ಪ್ರಾಕ್ಟರ್ ಎಂಬಾಕೆ, ರೋಗಿಷ್ಠೆಯಾಗಿ ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಲಾರದ ಹುಡುಗಿ, ಬಾಲ್ಯದಿಂದಲೇ ಹಾವು ಹಲ್ಲಿಗಳನ್ನು ಸಾಕಿದವಳು. ಮುಂದೆ ಅವಳೇ ಲಂಡನ್ ಮೃಗಾಲಯದ ಸರೀಸೃಪಗಳ ಮೇಲ್ವಿಚಾರಕಿಯಾಗಿ, ೧೯೨೭ರಲ್ಲಿ ತೆರೆದ ಅಲ್ಲಿಯ ಸರೀಸೃಪಾಲಯದ ವಿನ್ಯಾಸ ಮಾಡಿದಳು. ೧೯೩೧ರಲ್ಲಿ ತೀರಿಕೊಂಡಾಗ ಅವಳಿಗೆ ಮೂವತ್ತನಾಲ್ಕು ವರ್ಷ.

ನಮಗೆ ಹತ್ತಿರದ ಉದಾಹರಣೆಯೂ ಉಂಟು. ೧೯೪೩ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ರಾಮುಲಸ್ ವಿಟೇಕರ್ ಎಳವೆಯಲ್ಲೇ ಹಾವು ಹಿಡಿದು ಮನೆಗೆ ತಂದಾಗ ಅವರ ತಾಯಿ ಬೈಯಲಿಲ್ಲ, ಹಾವುಗಳ ಪುಸ್ತಕ ತಂದುಕೊಟ್ಟರು. ಆ ತಾಯಿ ಮುಂದೆ ಮದುವೆಯಾದದ್ದು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ಮಗನನ್ನು. ಹಾಗೆ ಭಾರತಕ್ಕೆ ಬಂದ ಹುಡುಗ ಮದರಾಸಿನ ಹಾವಿನ ಉದ್ಯಾನವನ್ನು ಸ್ಥಾಪಿಸಿದರು. ೨೦೦೫ರಲ್ಲಿ ನಮ್ಮ ಆಗುಂಬೆಯಲ್ಲಿ, ಕಾಳಿಂಗ ಸರ್ಪದ ನೆಲೆಯಲ್ಲಿಯೇ, ಮಳೆಕಾಡಿನ ಸಂಶೋಧನ ಕೇಂದ್ರವನ್ನು ತೆರೆದರು. ಆ ಮೊದಲ ಹಾವನ್ನು ತಾಯಿ ದೊಣ್ಣೆಯಿಂದ ಹೊಡೆಸಿದ್ದರೆ? ಈ ಪ್ರಶ್ನೆಯನ್ನು ನಾನು ಕೇಳಿಕೊಳ್ಳದಿರಲು ಸಾಧ್ಯವಾಗಲಿಲ್ಲ.

ಆದರೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ಮಾತನಾಡಿ ಮುಗಿಸುವುದು ಸರಿಯಲ್ಲ. ಈ ಹವ್ಯಾಸಕ್ಕೆ ಕಪ್ಪು ಮಗ್ಗುಲೂ ಉಂಟು. ಬಾಲ್ ಪೈಥಾನ್‌ಗಳನ್ನು ಟೋಗೋ, ಬೆನಿನ್, ಘಾನ ದೇಶಗಳಿಂದ ಹಡಗು ವಿಮಾನಗಳಲ್ಲಿ ರಾಶಿರಾಶಿಯಾಗಿ ಸಾಗಿಸಿದ್ದಾರೆ. ಬೆನಿನ್ನಿನ ಊಯಿಡಾ ಪಟ್ಟಣದಲ್ಲಿ ಇದೇ ಹೆಬ್ಬಾವಿಗೆ ಗುಡಿಯುಂಟು. ನಾವು ನಾಗನಿಗೆ ಕೈಮುಗಿಯುವಂತೆ ಅಲ್ಲಿಯ ಜನ ಅದಕ್ಕೆ ತಲೆಬಾಗುತ್ತಾರೆ. ಪೂಜೆಗೊಳ್ಳುವ ನೆಲದಿಂದಲೇ ಅದು ಸರಕಾಗಿ ಹೊರಡುತ್ತದೆ. ಹಾವಿನ ಬಣ್ಣವನ್ನು ಬದಲಿಸುವ ಹುಚ್ಚು ಇನ್ನೊಂದು. ಬಗೆಬಗೆಯ ಬಣ್ಣದ ತಳಿಗಳನ್ನು ಕೂಡಿಸಿ ಹೊಸ ಹೊಸ ಮಾದರಿ ಹುಟ್ಟಿಸಿ ಮಾರುತ್ತಾರೆ. ‘ಜೇಡ’ ಎಂದು ಹೆಸರಾದ ಅಂಥ ಒಂದು ತಳಿಯ ಬಾಲ್ ಪೈಥಾನ್‌ಗಳಿಗೆ ತಲೆ ನೆಟ್ಟಗೆ ನಿಲ್ಲುವುದೇ ಇಲ್ಲ, ಓಲಾಡುತ್ತದೆ. ಚಂದಕ್ಕಾಗಿ ಬೇನೆಯನ್ನು ಬಿತ್ತುವುದು ಯಾವ ರಸಿಕತೆ?

ಸಾಕಿದ್ದು ಬೇಡವಾದಾಗ ಕಾಡಿಗೆ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಫ್ಲಾರಿಡದ ಎವರ್‌ಗ್ಲೇಡ್ಸ್ ಜೌಗಿನಲ್ಲಿ, ಹೀಗೆ ತಪ್ಪಿಸಿಕೊಂಡ ಮತ್ತು ಬಿಟ್ಟ ಬರ್ಮದ ಹೆಬ್ಬಾವುಗಳು ಬೇರೂರಿ, ಅಲ್ಲಿಯ ಸಣ್ಣ ಪುಟ್ಟ ಮೃಗಗಳು ಕಣ್ಣಿಗೆ ಬೀಳುವುದೇ ಅಪರೂಪವಾಯಿತೆಂದು ೨೦೧೨ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅದೇ ವರ್ಷ ಅಮೆರಿಕ ಸರ್ಕಾರ ಆ ಹೆಬ್ಬಾವಿನ ಆಮದನ್ನು ನಿಷೇಧಿಸಿತು. ನಮ್ಮಲ್ಲಂತೂ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಾಡಿನ ಹಾವುಗಳನ್ನು ಹಿಡಿದು ಸಾಕುವಂತಿಲ್ಲ. ೨೦೨೨ರ ತಿದ್ದುಪಡಿಯ ತರುವಾಯ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಇಟ್ಟುಕೊಂಡವರೂ ನೋಂದಾಯಿಸಬೇಕು. ಅದು ನ್ಯಾಯವೇ. ನನ್ನ ಮಾತು ಕೇಳಿ ಯಾರೂ ಹಿತ್ತಲಿನ ಕೇರೆಯನ್ನು ಪೆಟ್ಟಿಗೆಗೆ ಹಾಕುವುದು ಬೇಡ.

ಈ ದೂರುಗಳನ್ನೆಲ್ಲ ನನಗೆ ಹೇಳಿದವರು ಆ ವೃದ್ಧರೇ. ದೀರ್ಘಕಾಲದ ಹವ್ಯಾಸಿಗಳನ್ನು ಗುರುತಿಸುವುದು ಹೀಗೆ. ಅವರು ತಮ್ಮ ಹವ್ಯಾಸವನ್ನು ಹೊಗಳುವುದಕ್ಕಿಂತ ಹೆಚ್ಚಾಗಿ ಅದರ ತಪ್ಪುಗಳನ್ನು ಕುರಿತು ಕೊರಗುತ್ತಾರೆ.

ಫೆಬ್ರವರಿಯ ಒಂದು ಸಂಜೆ ಅವರು ಜೋಳದ ಹಾವನ್ನು ನನ್ನ ಕೈಗೆ ಕೊಟ್ಟರು. ನಾನು ಬೇಡವೆನ್ನಲಿಲ್ಲ. ಜಿಗುಟಾಗಿರುತ್ತದೆಂದು ತಿಳಿದಿದ್ದೆ. ಒಣಗಿ, ನುಣುಪಾಗಿ, ತುಸು ತಂಪಾಗಿತ್ತು. ಹಿಡಿಯಬೇಡಿ, ಆಧಾರವಾಗಿ ಕೈಯೊಡ್ಡಿ ಸಾಕು ಎಂದರು. ನನ್ನ ಬೆರಳುಗಳ ನಡುವೆ ಅದು ದಾರಿ ಹುಡುಕುತ್ತ ಹೋದಾಗ, ಚರ್ಮದ ಕೆಳಗೆ ಸ್ನಾಯುಗಳು ಅಲೆಯಲೆಯಾಗಿ ಸರಿಯುವುದು ತಿಳಿಯಿತು. ಕೇರೆಯೂ ಇದೂ ಒಂದೇ ಕುಟುಂಬಕ್ಕೆ ಸೇರಿದವೆಂದು ಅವರು ಪುಸ್ತಕ ತೆಗೆದು ತೋರಿಸಿದರು. ಇದನ್ನೂ ಅದರ ನಾಡಿನಲ್ಲಿ ಜೋಳದ ಕಣಜದ ಬಳಿ ಇಲಿಗಾಗಿ ಸುಳಿಯುವುದರಿಂದಲೇ ಹಾಗೆ ಕರೆದರೆಂದು ಕೆಲವರ ಮತ. ನನ್ನ ಕೈ ನಡುಗುತ್ತಿತ್ತು. ಅದು ಹೆದರಿಕೆಯಿಂದ ಮಾತ್ರವಲ್ಲ. ನಮ್ಮಜ್ಜಿಯ ಮಾತನ್ನು ಅವರಿಗೆ ಹೇಳಿದೆ. ಅವರು ಏನೂ ಹೇಳದೆ ಸ್ವಲ್ಪ ಹೊತ್ತು ಹಾವನ್ನು ನನ್ನ ಕೈಯಲ್ಲೇ ಬಿಟ್ಟರು.

ಹೊರಡುವ ಮುನ್ನಾದಿನ ನಾನು ಒಂದು ಪ್ರಶ್ನೆ ಕೇಳಿದೆ. ಕೇಳಬಾರದಿತ್ತೇನೋ. ನಿಮ್ಮ ಹೆಬ್ಬಾವು ಇನ್ನೂ ಬಹುಕಾಲ ಬದುಕಬಹುದು, ಮುಂದೆ? ಅವರು ಆ ಯೋಚನೆ ಮಾಡಿದ್ದರು. ತಮ್ಮ ಹವ್ಯಾಸಿಗಳ ಸಂಘದಲ್ಲಿ ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳಿದ್ದಾಳೆ, ಅವಳು ಒಯ್ಯುತ್ತಾಳೆ, ಮರಣಪತ್ರದಲ್ಲಿಯೂ ಬರೆದಿದ್ದೇನೆ, ನೋಟುಪುಸ್ತಕಗಳೂ ಜೊತೆಗೆ ಹೋಗುತ್ತವೆ ಎಂದರು.

“ಅದಕ್ಕೆ ನಿಮ್ಮ ಅಗಲಿಕೆ ತಿಳಿಯುವುದೇ?” ಎಂದೆ.

“ತಿಳಿಯುವುದಿಲ್ಲ,” ಎಂದರು. “ಪೆಟ್ಟಿಗೆ ಬದಲಾದದ್ದು ತಿಳಿಯುತ್ತದೆ. ಒಂದು ತಿಂಗಳು ಊಟ ಬಿಡಬಹುದು, ಆಮೇಲೆ ಸರಿಹೋಗುತ್ತದೆ. ನನ್ನ ಹೆಂಡತಿ ಹೋದಾಗ ಮನೆಯಲ್ಲಿ ನಾಯಿಯಿತ್ತು. ಅದು ಬಾಗಿಲ ಬಳಿ ಮಲಗಿ ಸತ್ತಿತು. ಅದನ್ನು ನೋಡಿದ ಮೇಲೆ, ನನಗಾಗಿ ಅಳದ ಪ್ರಾಣಿ ಮನೆಯಲ್ಲಿರುವುದು ನನಗೊಂದು ನೆಮ್ಮದಿ. ನಾನು ಅದನ್ನು ಮೂವತ್ತೊಂದು ವರ್ಷ ನೋಡಿದೆ. ಅದು ಚೆನ್ನಾಗಿತ್ತು. ಅಷ್ಟು ಸಾಕು.”

ಈ ಉತ್ತರವನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ನಾವು ಸಾಕುವ ಪ್ರಾಣಿಗಳಲ್ಲಿ ಬಹುಮಟ್ಟಿಗೆ ನಮ್ಮನ್ನೇ ಹುಡುಕುತ್ತೇವೆ. ಅವುಗಳ ಕಣ್ಣಿನಲ್ಲಿ ನಮ್ಮ ಹಿರಿಮೆಯನ್ನು ಓದಿ ಹಿಗ್ಗುತ್ತೇವೆ. ಹಾವು ಆ ಕನ್ನಡಿಯನ್ನು ಹಿಡಿಯುವುದಿಲ್ಲ. ಅದರ ಬಳಿ ಕುಳಿತವನು ತನ್ನನ್ನು ಮರೆತು ಅದನ್ನೇ ನೋಡಬೇಕು. ಹಾಗೆ ಮೂವತ್ತು ವರ್ಷ ನೋಡಬಲ್ಲವನಿಗೆ ದೊರಕುವ ಶಾಂತಿ ಎಂಥದೆಂಬುದನ್ನು ಆ ಕೋಣೆಯಲ್ಲಿ ಸ್ವಲ್ಪ ಕಂಡೆ.

ಊರಿಗೆ ಮರಳಿದ ಮುಂಗಾರಿನಲ್ಲಿ ನಮ್ಮ ಹಿತ್ತಲಿಗೆ ಕೇರೆಯೊಂದು ಬಂತು. ಪಕ್ಕದ ಮನೆಯ ಹುಡುಗ ಕೋಲು ಹಿಡಿದು ಓಡಿಬಂದ. ತಡೆದೆ. ಇಬ್ಬರೂ ದೂರ ನಿಂತೆವು. ಅದು ತಲೆಯೆತ್ತಿ ಎರಡು ಮೂರು ಸಲ ನಾಲಿಗೆ ಆಡಿಸಿ, ಗೋಡೆಯ ಬುಡದ ಸಂದಿಯಲ್ಲಿ ಉದ್ದಕ್ಕೂ ಇಳಿದುಹೋಯಿತು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಭಯವೇನೂ ಹೋಗಿರಲಿಲ್ಲ. ಒಳಗೆ ಬಂದು ಕ್ಯಾಲೆಂಡರಿನಲ್ಲಿ ಆ ತಾರೀಖಿನ ಎದುರು ‘ಕೇರೆ, ಸುಮಾರು ಆರು ಅಡಿ’ ಎಂದು ಬರೆದಿಟ್ಟೆ.